ಶೇಂಗಾ ಹೊಲದ ಬದುವಿನಲ್ಲಿ ಸಿಕ್ಕ ಕರಿ ಹುಳ: ಹೊಸ ಜಾತಿ ಇರಬಹುದಾ?

ಗಿರಣಿಯವನು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಾನು 22 ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ. ಹುಳ ಅಂದರೆ ನನಗೆ ಗೊತ್ತಿದ್ದದ್ದು ಗೋಧಿ ಹಿಟ್ಟಿನಲ್ಲಿ ಬರುವ ಸಣ್ಣ ಕೆಂಪು ಹುಳ ಮಾತ್ರ.

ಕಳೆದ ಭಾನುವಾರ ನಾಯಕನಹಟ್ಟಿ ಹತ್ತಿರ ನಮ್ಮ ಸೋದರಮಾವನ ಹೊಲಕ್ಕೆ ಹೋಗಿದ್ದೆ. ಶೇಂಗಾ ಕಿತ್ತು ಮುಗಿದ ಹೊಲ. ಬದು ಸರಿಮಾಡಲು ಕಲ್ಲು ಎತ್ತುತ್ತಿದ್ದೆವು. ಚೇಳು ಇರುತ್ತದೆ ಅಂತ ಹಾರೆಯಿಂದಲೇ ಮಗುಚುತ್ತಿದ್ದೆ. ಒಂದು ಚಪ್ಪಟೆ ಕಲ್ಲಿನ ಕೆಳಗೆ ಇದು ಸಿಕ್ಕಿತು. ಉದ್ದ 11 ಮಿ.ಮೀ. ಬಣ್ಣ ಕರಿ, ಹೊಳಪಿಲ್ಲ, ರೊಟ್ಟಿ ಹಂಚಿನ ತಳದ ಹಾಗೆ. ಬೆನ್ನ ಮೇಲೆ ಉದ್ದುದ್ದ ಗೀರುಗಳು. ಗೀರುಗಳ ನಡುವೆ ಸಣ್ಣ ಗುಳ್ಳೆಗಳ ಸಾಲು. ಮುಟ್ಟಿದ ಕೂಡಲೇ ಕಾಲು ಮಡಚಿಕೊಂಡು ಸತ್ತ ಹಾಗೆ ಬಿದ್ದುಕೊಂಡಿತು. ಎಷ್ಟು ಕೆಣಕಿದರೂ ರೆಕ್ಕೆ ಬಿಚ್ಚಲಿಲ್ಲ.

ಮೊಬೈಲ್ ಆ್ಯಪ್‌ಗೆ ಫೋಟೋ ಹಾಕಿದೆ. ‘ಟೆನೆಬ್ರಿಯಾನಿಡೆ’ ಕುಟುಂಬ ಅಂತ ಹೇಳಿ ಅಲ್ಲಿಗೇ ನಿಂತಿತು. ಬಿ.ಎಸ್ಸಿ ಓದುವ ಮಗಳು “ಅಪ್ಪಾ, ಹೊಸ ಜಾತಿ ಇದ್ದರೂ ಇರಬಹುದು” ಅಂದಳು. ಆವತ್ತಿನಿಂದ ಇದೇ ಯೋಚನೆ. ಹೊಸದು ಅಂತ ಯಾರು ಹೇಳಬೇಕು? ಹೇಗೆ ಹೇಳುತ್ತಾರೆ? ಹುಳ ಒಂದು ಡಬ್ಬಿಯಲ್ಲಿ ಜೀವಂತ ಇದೆ.

ಕುಂದವಾಡ ಕೆರೆ, ದಾವಣಗೆರೆ

ಅಣ್ಣಾ, ಮೊದಲು ಕಾಲಿನ ಪಾದ ನೋಡಿ. ಲೆನ್ಸ್ ಬೇಕಾಗುತ್ತದೆ. ಮುಂದಿನ ಎರಡು ಜೊತೆ ಕಾಲಿನ ಪಾದದಲ್ಲಿ ಐದೈದು ಗಿಣ್ಣು, ಹಿಂದಿನ ಜೊತೆಯಲ್ಲಿ ನಾಲ್ಕು ಇದ್ದರೆ ಆ್ಯಪ್ ಹೇಳಿದ ಕುಟುಂಬ ಸರಿ ಇರಬಹುದು. ಎಲ್ಲದರಲ್ಲೂ ಐದು ಇದ್ದರೆ ಅದು ಬೇಟೆಯಾಡುವ ನೆಲದ ಜೀರುಂಡೆ ಇರಬಹುದು. ನೋಡಲು ಎರಡೂ ಕರಿಯೇ, ಸುಲಭವಾಗಿ ಮೋಸ ಹೋಗುತ್ತೇವೆ.

ಹೊಳಲ್ಕೆರೆಯವಳು, ಈಗ ಬೆಂಗಳೂರು

ಅಣ್ಣಾ, ನಾನು ಕೀಟ ಸಂಗ್ರಹವೊಂದರಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಗಿರಣಿಯ ಕೆಂಪು ಹುಳವೂ ಈ ಕರಿ ಹುಳವೂ ಒಂದೇ ಮನೆತನ ಗೊತ್ತಾ? ಆ ಕೆಂಪು ಹುಳದ ಹೆಸರು ಟ್ರೈಬೋಲಿಯಂ ಕ್ಯಾಸ್ಟೇನಿಯಂ. ಜರ್ಮನಿಯ ಹರ್ಬ್ಸ್ಟ್ 1797ರಲ್ಲೇ ಅದನ್ನು ವಿವರಿಸಿದ್ದ. ಈ ಕುಟುಂಬದಲ್ಲಿ ಹೆಸರಿಟ್ಟಿರುವ ಜಾತಿಗಳೇ 20,000ಕ್ಕೂ ಜಾಸ್ತಿ. ಆ್ಯಪ್ ನಿಂತದ್ದು ಅದಕ್ಕೇ. ಆ್ಯಪ್‌ಗೆ ಹೆಸರು ಗೊತ್ತಿಲ್ಲ ಅಂದ ಮಾತ್ರಕ್ಕೆ ಹುಳಕ್ಕೆ ಹೆಸರಿಲ್ಲ ಅಂತಲ್ಲ.

ಹೊರಗಿನಿಂದ ಒಂದೇ ಥರ ಕಾಣುವ ಕರಿ ಹುಳಗಳು ಎಷ್ಟೋ ಇವೆ. ಬೇರೆ ಮಾಡಲು ಸಾಮಾನ್ಯವಾಗಿ ಗಂಡು ಹುಳದ ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಅದರ ಆಕಾರ ಜಾತಿಯಿಂದ ಜಾತಿಗೆ ಬೇರೆ. ಆಮೇಲೆ ಹಳೆಯ ವಿವರಣೆಗಳನ್ನೆಲ್ಲ ಓದಬೇಕು, ಹೆಸರಿಡುವಾಗ ಬಳಸಿದ ಮೂಲ ಮಾದರಿಗಳ ಜೊತೆ ಹೋಲಿಸಬೇಕು. ನಮ್ಮ ನೆಲದ ಎಷ್ಟೋ ಹುಳಗಳ ಮೂಲ ಮಾದರಿ ಲಂಡನ್, ಪ್ಯಾರಿಸ್ ಮ್ಯೂಸಿಯಂಗಳಲ್ಲಿವೆ. ನಾನು ಒಂದು ಸಲ ಹೊಸದೇ ಅಂತ ನಂಬಿ ಎಂಟು ತಿಂಗಳು ಕೂತು ಚಿತ್ರ ಬರೆದೆ. ಕೊನೆಗೆ ಹಳೆಯ ಜರ್ಮನ್ ಬರಹದಲ್ಲಿ ಅದೇ ಹುಳ ಇತ್ತು. ಅತ್ತುಬಿಟ್ಟಿದ್ದೆ. ಆದರೂ ಆ ಕೆಲಸ ಹಾಳಾಗಲಿಲ್ಲ. ಅದರ ಗಂಡು ಹೇಗಿರುತ್ತದೆ ಅಂತ ಅದುವರೆಗೆ ಯಾರೂ ಬರೆದಿರಲಿಲ್ಲ.

ನಿಮ್ಮ ಮಗಳ ಮಾತನ್ನು ತಳ್ಳಿಹಾಕುವುದಿಲ್ಲ. ರೆಕ್ಕೆ ಬಿಚ್ಚಲಿಲ್ಲ ಅಂದಿರಲ್ಲ, ನನಗೆ ಆಸೆ ಹುಟ್ಟಿಸಿದ್ದು ಅದು. ಒಣ ಸೀಮೆಯ ಇಂಥ ಹಲವು ಹುಳಗಳಲ್ಲಿ ಮೇಲಿನ ಗಟ್ಟಿ ರೆಕ್ಕೆಗಳು ಬೆಸೆದುಕೊಂಡಿರುತ್ತವೆ. ಕೆಳಗೆ ಗಾಳಿ ತುಂಬಿದ ಜಾಗ ಇರುತ್ತದೆ, ಮೈಯ ನೀರು ಬೇಗ ಆರದ ಹಾಗೆ ಅದು ಕಾಪಾಡುತ್ತದೆ. ನಾಯಕನಹಟ್ಟಿ ಬಿಸಿಲಿಗೆ ಅದು ಬೇಕೇ ಬೇಕಲ್ವಾ? ಹಾರದ ಹುಳ ದೂರ ಹೋಗುವುದಿಲ್ಲ. ಈ ಗುಡ್ಡದ್ದು ಆ ಗುಡ್ಡದ್ದನ್ನು ಸೇರದೆ ಸಾವಿರಾರು ವರ್ಷ ಕಳೆದರೆ ಎರಡೂ ಬೇರೆ ಬೇರೆ ಜಾತಿಯೇ ಆಗಬಹುದು.

ಒಂದೇ ಹುಳ ಸಾಲದು. ಅದೇ ಜಾಗದಲ್ಲಿ ಇನ್ನೂ ಎರಡು ಮೂರು ಹುಡುಕಿ, ಗಂಡು ಹೆಣ್ಣು ಎರಡೂ ಸಿಗಲಿ. ಎಲ್ಲ ಹಿಡಿಯಬೇಡಿ. ಸ್ಪಿರಿಟ್‌ನಲ್ಲಿಟ್ಟು ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೇ ಹಾಕಿ. ಪೆನ್ನಿನದು ಕರಗಿಹೋಗುತ್ತದೆ. ಊರು, ತಾಲೂಕು, ತಾರೀಖು, ಎಲ್ಲಿ ಸಿಕ್ಕಿತು, ಯಾರು ಹಿಡಿದದ್ದು, ಎಲ್ಲ ಇರಲಿ. ಚೀಟಿ ಇಲ್ಲದ ಹುಳದಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಜೋಗಿಮಟ್ಟಿ ಕಡೆ ಮಾತ್ರ ಮುಟ್ಟಬೇಡಿ, ಅದು ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಸದೇ ಆದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಸರ್ಕಾರ ಗುರುತಿಸಿದ ಸಂಗ್ರಹಕ್ಕೆ ತಿಳಿಸಿ ಮಾದರಿ ಕೊಡಬೇಕು. ಆ ಓಡಾಟ ನಾನು ನೋಡಿಕೊಳ್ಳುತ್ತೇನೆ.

ಹಿರಿಯೂರು ರೈತ

ಇವು ಶೇಂಗಾ ಕಾಯಿ ತೂತು ಮಾಡುವ ಹುಳಗಳಲ್ಲವೇ? ಔಷಧಿ ಹೊಡೆಯಬೇಕಾ?

ಹೊಳಲ್ಕೆರೆಯವಳು, ಈಗ ಬೆಂಗಳೂರು

ಈ ಕುಟುಂಬದ ಗೊನೋಸೆಫಾಲಮ್‌ನಂಥ ಕೆಲವು ಹುಳಗಳ ಮರಿಗಳು ಕಾಯಿಗೆ ತೊಂದರೆ ಕೊಡುತ್ತವೆ, ನಿಜ. ಆದರೆ ಬಹಳಷ್ಟು ಬರೀ ಒಣ ಕಸ, ಕೊಳೆತ ಎಲೆ ತಿಂದು ಬದುಕುತ್ತವೆ. ಯಾವುದು ಅಂತ ಗೊತ್ತಾಗುವ ಮುಂಚೆ ಸುಮ್ನೆ ಔಷಧಿ ಬೇಡ ಅಣ್ಣಾ.

ಗಿರಣಿಯವನು, ಚಿತ್ರದುರ್ಗ

ಇವತ್ತು ಗಿರಣಿಗೆ ರಜೆ ಹಾಕಿ ಮಗಳ ಜೊತೆ ಹೊಲಕ್ಕೆ ಹೋಗಿಬಂದೆ. ಅದೇ ಬದುವಿನಲ್ಲಿ 40 ಹೆಜ್ಜೆಯೊಳಗೆ ಆರು ಸಿಕ್ಕವು. ಆಚೆ ಬದುವಿನಲ್ಲಿ ಒಂದೂ ಇಲ್ಲ. ಮೂರು ತಂದೆವು, ಮೂರು ಬಿಟ್ಟೆವು, ಕಲ್ಲನ್ನು ಇದ್ದ ಹಾಗೇ ಮುಚ್ಚಿದೆವು. ಬದು ಸರಿಮಾಡುವುದು ಸದ್ಯಕ್ಕೆ ಬೇಡ ಅಂತ ಮಾವನಿಗೂ ಹೇಳಿದ್ದೇನೆ. ಲೆನ್ಸ್ ಹಿಡಿದು ಎಣಿಸಿದ್ದು ಮಗಳು: ಮುಂದೆ ಐದು, ನಡುವೆ ಐದು, ಹಿಂದೆ ನಾಲ್ಕು. ಮೂರರಲ್ಲೂ ಅಷ್ಟೇ. ಚೀಟಿಯನ್ನೂ ಅವಳೇ ಬರೆದಳು, “ಹಿಡಿದವರು” ಅನ್ನುವ ಕಡೆ ನನ್ನ ಹೆಸರು ಹಾಕಿದ್ದಾಳೆ. ಸೀಸೆ ಒಡೆದೀತು ಅಂತ ಪಾರ್ಸಲ್ ಮಾಡಲು ಮನಸ್ಸಿಲ್ಲ. ಬುಧವಾರ ಬೆಳಗಿನ ಬಸ್ಸಿಗೆ ನಾನೇ ತಂದುಕೊಡಲಾ ತಂಗಿ? ನೀವು ಎಷ್ಟು ಗಂಟೆಗೆ ಸಿಗುತ್ತೀರಿ?