‘ವಕಾಲತ್ತು’ ಚಿತ್ರಕ್ಕೆ ಒಪ್ಪುತ್ತಾ?

ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ.

ನನ್ನ ಅಕ್ಕನ ಮಗಳು ಇಲ್ಲೇ ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಾಳೆ. ಪ್ರದರ್ಶನಕ್ಕೆ ಅಂತ ಒಂದು ಚಿತ್ರ ಬರೆದಿದ್ದಾಳೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಮೇಜು. ಹಕ್ಕು ಬಿಡುಗಡೆ ಪತ್ರದ ಮೇಲೆ ಹಸಿರು ಬಳೆಯ ಒಂದು ಕೈ. ಹೆಬ್ಬೆಟ್ಟಿಗೆ ಮಸಿ ಹತ್ತಿದೆ, ಇನ್ನೂ ಒತ್ತಿಲ್ಲ. ಪಕ್ಕದ ತಟ್ಟೆಯಲ್ಲಿ ಸೀರೆ, ಅರಿಶಿನ-ಕುಂಕುಮ. ಅಣ್ಣತಮ್ಮಂದಿರ ಮುಖವೇ ಇಲ್ಲ, ಮೇಜಿನ ಕೆಳಗೆ ಬರೀ ಚಪ್ಪಲಿ ಕಾಣುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೂ ತಟ್ಟೆ ಮುಂದಿಟ್ಟು ಬರೆಸಿಕೊಳ್ಳೋದು ನಿಂತಿಲ್ಲ ಅಲ್ವಾ?

ಚಿತ್ರದ ಕೆಳಗಿನ ಚೀಟಿಯಲ್ಲಿ ‘ಹೆಣ್ಣುಮಕ್ಕಳ ಹಕ್ಕಿಗಾಗಿ ಕುಂಚದ ವಕಾಲತ್ತು’ ಎಂದು ಹಾಕಿದ್ದಳು. ನಮ್ಮಮ್ಮ ಓದಿ, “ಏನವ್ವಾ, ನಿನ್ನ ಚಿತ್ರ ಕರಿಕೋಟು ಹಾಕ್ಕೊಂಡಿದೆಯೇನು?” ಅಂದರು.

ಅಮ್ಮ ಅಂದದ್ದು ತಪ್ಪಲ್ಲ. ಅರಬ್ಬಿಯಿಂದ ಬಂದ ಈ ಮಾತು ನಮ್ಮಲ್ಲಿ ಕೋರ್ಟು ಬಿಟ್ಟು ಹೊರಗೆ ಬಂದರೆ ಬೈಗುಳದ ಧಾಟಿಗೆ ತಿರುಗುತ್ತದೆ. “ಅವಳ ಪರ ನೀನ್ಯಾಕೆ ವಕಾಲತ್ತು ವಹಿಸ್ತೀಯ?” ಅಂತೀವಿ. ‘ಹಕ್ಕೊತ್ತಾಯ’ ಇಡೋಣವೆಂದರೆ ಅದು ಡಿಸಿ ಆಫೀಸಿನ ಮುಂದೆ ಮನವಿ ಕೊಡುವವರ ಮಾತು. ಅದೂ ಅಲ್ಲದೆ ಈ ಚಿತ್ರದಲ್ಲಿ ಒತ್ತಾಯ ಮಾಡುತ್ತಿರುವವರು ಚಪ್ಪಲಿಯವರು! ‘ಪ್ರತಿಪಾದನೆ’ ಭಾಷಣದ ವಾಸನೆ ಹೊಡೆಯುತ್ತದೆ.

ನನಗೆ ಹಿಡಿಸಿದ್ದು ಮನೆಮಾತಿನ ‘ವಹಿಸಿಕೊಳ್ಳು’. “ಸೊಸೇನ ವಹಿಸ್ಕೊಂಡು ಮಾತಾಡ್ತಾಳೆ” ಅಂತೀವಲ್ಲ, ಆ ವಹಿಸಿಕೊಳ್ಳು. ಅದಕ್ಕೆ ಕರಿಕೋಟೂ ಬೇಡ, ಘೋಷಣೆಯೂ ಬೇಡ. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದ ಬ್ರಿಟಿಷ್ ಚಿತ್ರಕಲಾವಿದೆ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ 1907ರಲ್ಲಿ ಇಂಗ್ಲೆಂಡು, ಸ್ಕಾಟ್ಲೆಂಡಿನ ದುಡಿಯುವ ಹೆಂಗಸರನ್ನು ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ ಬರೆದರು. ಅದೂ ವಹಿಸಿಕೊಳ್ಳುವುದೇ ಅನ್ನಿಸುತ್ತದೆ. ತೊಡಕೇನೆಂದರೆ ಇದನ್ನು ನಾಮಪದ ಮಾಡಲು ಹೋದರೆ ‘ವಹಿಸಿಕೊಳ್ಳುವಿಕೆ’ ಆಗಿ ಸತ್ತೇ ಹೋಗುತ್ತದೆ.

ಇನ್ನೊಂದು, ಸುಮ್ನೆ ಹೇಳ್ತೀನಿ. ನಮ್ಮಲ್ಲಿ ಪತ್ರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಪಾಲು ಬರೆದುಕೊಡುವವಳನ್ನು ಇವಳು ಬರೆದಿದ್ದಾಳೆ. ಇದನ್ನು ಹೇಳಿದ್ದೇ ಹುಡುಗಿ ಚೀಟಿ ಹರಿದು, ‘ಬರೆದುಕೊಟ್ಟವಳು’ ಅಂತ ಹೆಸರಿಟ್ಟುಬಿಟ್ಟಳು. ಹೆಸರು ಆಯಿತು, ಅದರ ಕೆಳಗಿನ ಸಾಲು ಇನ್ನೂ ಖಾಲಿ ಇದೆ.

ನಿಮ್ಮ ಕಡೆ ಒಬ್ಬರನ್ನು ವಹಿಸಿಕೊಂಡು ನಿಲ್ಲುವುದಕ್ಕೆ ಬೇರೆ ಯಾವ ಮಾತಿದೆ? ಬೈಗುಳದ ಧಾಟಿ ಇಲ್ಲದ್ದು ಬೇಕು. ಶುಕ್ರವಾರದೊಳಗೆ ತಿಳಿಸಿದರೆ ಚೀಟಿಗೆ ಬರೆಸುತ್ತೇನೆ.