ಕಾಕಾನ ಚೀಲದಲ್ಲಿದ್ದ ಮೊಮ್ಮಕ್ಕಳು

ಮಿರಗ ಮಳೆ ಎರಡು ಸಲ ಚೆನ್ನಾಗಿ ಬಿದ್ದಿತ್ತು. ಹೊಲ ಹದಕ್ಕೆ ಬಂದರೆ ನಮ್ಮೂರಲ್ಲಿ ಮೊದಲು ತುಂಬುವುದು ಚಹಾದಂಗಡಿ. ಗೋಕಾಕದ ಕಡೆಯ ಕಾಲುವೆ ಊರು ನಮ್ಮದು. ಅರ್ಧ ಊರು ಕಬ್ಬು, ಇನ್ನರ್ಧ ಗೋವಿನಜೋಳ (ಮೆಕ್ಕೆಜೋಳ), ಪೂರ್ತಿ ಊರು ಹರಟೆ.

ಅವತ್ತು ಕಾಕಾ ಒಂದು ಹಳೇ ಗೊಬ್ಬರದ ಚೀಲ ಹೊತ್ತು ಬಂದು, ಮಗು ಮಲಗಿಸುವ ಹಾಗೆ ಬೆಂಚಿನ ಕೆಳಗೆ ಇಟ್ಟ.

"ಏನದು ಕಾಕಾ?"

"ಬೀಜ."

"ಯಾವ ಅಂಗಡಿದು?"

"ನಮ್ಮನೆ ಅಟ್ಟದ್ದು."

ಹೋದ ವರ್ಷ ಕಾಕಾ ಮೊದಲ ಸಲ ಗೋವಿನಜೋಳದ ಹೊಸ ಹೈಬ್ರಿಡ್ ಹಾಕಿದ್ದ. ಬೆಳೆ ಎಷ್ಟು ಚೆನ್ನಾಗಿ ಬಂತು ಅಂದರೆ, ಎರಡು ತಿಂಗಳು ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಅದರಲ್ಲೇ ಕೈತುಂಬ ಸಿಗುವ ತೆನೆ ಆರಿಸಿ, ಕಾಳು ಬಿಡಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಎತ್ತಿಟ್ಟಿದ್ದಾನೆ. ಈ ವರ್ಷ ಬೀಜಕ್ಕೆ ಒಂದು ರೂಪಾಯಿ ಖರ್ಚಿಲ್ಲ ಅಂತ ಲೆಕ್ಕ.

ನಮ್ಮ ಕಂಡಕ್ಟರ್ ಸಾಹೇಬರು ರಿಟೈರ್ ಆಗಿ ಐದು ವರ್ಷವಾದರೂ ಇನ್ನೂ ಬಸ್ಸಿನಿಂದ ಇಳಿದಿಲ್ಲ. "ಕಾಕಾ, ಹೈಬ್ರಿಡ್ ಬೀಜ ಅಂದ್ರೆ ಒಂದು ಟ್ರಿಪ್ಪಿನ ಟಿಕೆಟ್. ಅದೇ ಟಿಕೆಟ್ ತೋರಿಸಿ ಈ ವರ್ಷಾನೂ ಹತ್ತೋಕೆ ಬಂದಿದೀಯಲ್ಲ!"

"ಜವಾರಿ ಜೋಳದ ಬೀಜ ನಮ್ಮಜ್ಜಿ ಕಾಲದಿಂದ ಮನೇಲೇ ಇಡ್ತೀವಿ. ಅದು ಬರುತ್ತೆ, ಇದ್ಯಾಕೆ ಬರಲ್ಲ?" ಕಾಕಾ ಕೇಳಿದ. ಸರಿಯಾದ ಪ್ರಶ್ನೆನೇ. ನಾವೆಲ್ಲ ಮಾಸ್ತರ ಕಡೆ ನೋಡಿದೆವು.

ಮಾಸ್ತರು ಬಸಿಯಲ್ಲಿದ್ದ ಚಹಾ ಮುಗಿಸಿ ಶುರು ಮಾಡಿದರು. "ಬಿಳಿಜೋಳ ಮನೆಯೊಳಗೇ ಸಂಬಂಧ ಮಾಡೋ ಪೈರು, ಹೆಚ್ಚಾಗಿ ತನ್ನ ಹೂವಿಗೆ ತನ್ನದೇ ಪರಾಗ. ಗೋವಿನಜೋಳ ಹಾಗಲ್ಲ. ತಲೆ ಮೇಲಿನ ಸೂಲಂಗಿ ಗಂಡು, ನಡುವಿನ ತೆನೆ ಹೆಣ್ಣು. ಪರಾಗ ಗಾಳಿಗೆ ಬಿದ್ದು ಯಾರ ಮನೆಗೆ ಬೇಕಾದರೂ ಹೋಗುತ್ತೆ. ತೆನೆಯ ಕೂದಲು ನೋಡಿದೀರಲ್ಲ, ಒಂದು ಕೂದಲಿಗೆ ಒಂದು ಕಾಳು. ಯಾವ ಕೂದಲಿಗೆ ಪರಾಗ ಮುಟ್ಟಲಿಲ್ಲವೋ ಅಲ್ಲಿ ಕಾಳೇ ಇಲ್ಲ. ತೆನೆ ತುದಿ ಬೋಳಾಗೋದಕ್ಕೆ ಅದೂ ಒಂದು ಕಾರಣ."

"ನಮ್ಮ ಕಂಡಕ್ಟರ್ ತಲೆ ಹಾಗೆ," ಅಂದ ಚಹಾದಂಗಡಿಯವ.

"ಸುಮ್ನೆ ಕೇಳ್ರಿ. ಬೀಜ ತಯಾರಿಸೋರು ಏನು ಮಾಡ್ತಾರೆ? ವರ್ಷಗಟ್ಟಲೆ ಒಂದೇ ಮನೆತನದಲ್ಲಿ ಸಂಬಂಧ ಮಾಡಿ ಮಾಡಿ ಎರಡು ಬೇರೆ ಬೇರೆ ತಳಿ ಇಟ್ಟಿರ್ತಾರೆ. ನೋಡೋಕೆ ಎರಡೂ ಸೊಣಕಲು, ಗಿಡ್ಡ. ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು ಹಾಕಿ, ಹೆಣ್ಣು ಸಾಲಿನ ಸೂಲಂಗಿ ಪರಾಗ ಉದುರಿಸೋಕೆ ಮೊದಲೇ ಒಂದೊಂದಾಗಿ ಕೈಯಿಂದ ಕೀಳ್ತಾರೆ. ಒಂದು ತಪ್ಪಿದರೂ ಬೀಜ ಕೆಡುತ್ತೆ. ಬೀಜದ ರೇಟಿನಲ್ಲಿ ಆ ಕೂಲಿನೂ ಇದೆ. ಆ ಎರಡು ಸೊಣಕಲಿಗೆ ಹುಟ್ಟಿದ ಮಗನೇ ಪೈಲ್ವಾನ, ಅವನೇ ಕಾಕಾ ಹೋದ ವರ್ಷ ಹಾಕಿದ ಬೀಜ."

"ಪೈಲ್ವಾನನ ಮಗನೂ ಪೈಲ್ವಾನ ಆಗ್ಬೇಕಲ್ವಾ?"

"ಇಲ್ಲೇ ಎಡವಟ್ಟು. ಮೊಮ್ಮಕ್ಕಳಿಗೆ ಅಜ್ಜ ಅಜ್ಜಿಯ ಗುಣ ಕಲಸಿ ಬರುತ್ತೆ. ಒಂದು ಅಜ್ಜನ ಹಾಗೆ ಸೊಣಕಲು, ಒಂದು ಅಪ್ಪನ ಹಾಗೆ ಎತ್ತರ, ಒಂದು ಬೇಗ ಸೂಲಂಗಿ ಬಿಡುತ್ತೆ, ಒಂದು ಹದಿನೈದು ದಿನ ತಡ. ಹೊಲ ನೋಡಿದರೆ ಮದುವೆ ಗ್ರೂಪ್ ಫೋಟೋ. ಕಾಕಾ, ನಿನ್ನ ಚೀಲದಲ್ಲಿರೋದು ಬೀಜ ಅಲ್ಲ, ಮೊಮ್ಮಕ್ಕಳು."

ಕಾಕಾ ಚೀಲ ಸ್ವಲ್ಪ ಒಳಗೆ ತಳ್ಳಿದ. "ಹೋದ ವರ್ಷ ಕಂಪನಿಯವನು ಬಂದು ಊಟ ಹಾಕಿದ, ಎಲ್ಲರಿಗೂ ಟೋಪಿ ಕೊಟ್ಟ. ಇದೊಂದು ಮಾತು ಹೇಳಲಿಲ್ಲ."

"ಅದಕ್ಕೇ ಅಲ್ವಾ ಟೋಪಿ ಹಾಕಿದ ಅನ್ನೋದು," ಅಂದರು ಕಂಡಕ್ಟರ್.

ನನಗೂ ಅನಿಸುವುದು ಇದೇ. ಬೀಜ ಒಳ್ಳೆಯದೇ, ತಕರಾರಿಲ್ಲ. ಆದರೆ ಎರಡೆಕರೆಯವನಿಗೆ ಬೀಜ ಪ್ರತಿ ವರ್ಷ ಕೊಳ್ಳಬೇಕು, ಅದು ನೀರು ಗೊಬ್ಬರ ಜಾಸ್ತಿ ಬೇಡುತ್ತೆ, 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಂಡ ಆ ಫಾಲ್ ಆರ್ಮಿವರ್ಮ್ ಅನ್ನೋ ಸೈನಿಕ ಹುಳು ಹೈಬ್ರಿಡ್ ಅಂತ ನೋಡಿ ಬಿಡಲ್ಲ, ಇಷ್ಟನ್ನು ತೆನೆ ತೋರಿಸೋ ಮೊದಲೇ ಹೇಳಬೇಕು. ಹೇಳಿದರೆ ಬೀಜ ಹೋಗಲ್ಲ ಅಂತ ಹೆದರಿಕೆ ಇರಬೇಕು.

ಆ ಕಂಪನಿ ಬೀಜದ್ದು ಇನ್ನೊಂದು ಕತೆ. ಔಷಧಿ ಸವರಿ ಗುಲಾಬಿ ಬಣ್ಣ ಬಂದಿರುತ್ತೆ. ಹೋದ ವರ್ಷ ಬಿತ್ತಿ ಬಂದ ಕಾಕಾನ ಕೈ ನೋಡಿ ಕಾಕು, "ಹೋಳಿ ಹುಣ್ಣಿಮೆ ಮುಗಿದು ಮೂರು ತಿಂಗಳಾಯ್ತು, ಯಾರ ಜೊತೆ ಬಣ್ಣ ಆಡಿ ಬಂದ್ರಿ?" ಅಂತ ಕೇಳಿದ್ದಳು. ಸೋಪು ಹಾಕಿ ಮೂರು ಸಲ ತೊಳೆದ ಮೇಲೇ ರೊಟ್ಟಿ ಸಿಕ್ಕಿದ್ದು.

"ಅಷ್ಟಕ್ಕೂ ಗೋವಿನಜೋಳ ನಾವೇನು ತಿಂತೀವಾ?" ಕಾಕಾ ಸೋಲಲಿಲ್ಲ. "ನಮಗೆ ಬಿಳಿಜೋಳದ ರೊಟ್ಟಿ. ಇದು ಕೋಳಿಗೆ, ಇಲ್ಲಾ ಸ್ಟಾರ್ಚ್ ಫ್ಯಾಕ್ಟರಿಗೆ, ಈಗೀಗ ಎಥೆನಾಲ್‌ಗೆ. ಮಗ ಯಾರು, ಮೊಮ್ಮಗ ಯಾರು ಅಂತ ಕೋಳಿಗೆ ಗೊತ್ತಾಗುತ್ತಾ?"

"ಕೋಳಿಗೆ ಗೊತ್ತಾಗಲ್ಲ. ತೂಕದ ಕಾಟಾಕ್ಕೆ ಗೊತ್ತಾಗುತ್ತೆ," ಅಂದರು ಮಾಸ್ತರು.

ಕಾಕಾ ತಲೆ ಕೆರೆದುಕೊಂಡ. ಹೈಬ್ರಿಡ್ ಅನ್ನೋದು ಹೊಸದೇನಲ್ಲ. ದೇಶದಲ್ಲಿ ಮೊದಲ ಗೋವಿನಜೋಳದ ಹೈಬ್ರಿಡ್‌ಗಳು ಬಂದಿದ್ದೇ 1961ರಲ್ಲಿ, ಅದರಲ್ಲೊಂದರ ಹೆಸರು ಡೆಕ್ಕನ್. ಈಗಂತೂ ಪಕ್ಕದ ಅರಭಾವಿಯಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ಕಾಕಾ ವಾರಕ್ಕೆರಡು ಸಲ ಅದರ ಮುಂದೆಯೇ ಹೋಗುತ್ತಾನೆ, ಒಳಗೆ ಕಾಲಿಟ್ಟಿಲ್ಲ. "ಅಲ್ಲಿ ಚಹಾ ಸಿಗಲ್ಲ" ಅಂತಾನೆ.

"ಹಾಗಾದ್ರೆ ಹೋದ ವರ್ಷ ಆ ಹೈಬ್ರಿಡ್ ಬೀಜಾನ ಹೇಗೆ ನಂಬಿದೆ?" ಅಂತ ಕೇಳಿದೆ.

"ಟೋಪಿಯವನ್ನ ಯಾರು ನಂಬ್ತಾರೆ? ಅದರ ಹಿಂದಿನ ವರ್ಷ ಬಾಂದಿನ ಆಚೆ ನಮ್ಮ ಕಂಡಕ್ಟರ್ ನಾಲ್ಕು ಸಾಲು ಹಾಕಿದ್ದ. ದಿನಾ ಸಂಡಾಸಕ್ಕೆ ಹೋಗೋವಾಗ ನೋಡ್ತಿದ್ದೆ."

ಮಾಸ್ತರು ತೊಡೆ ತಟ್ಟಿ ನಕ್ಕರು. "ಅಮೆರಿಕದ ಅಯೋವಾದಲ್ಲೂ ಇದೇ ಆಗಿದ್ದು! ರೈಯನ್, ಗ್ರಾಸ್ ಅಂತ ಇಬ್ಬರು ಸಂಶೋಧಕರು 259 ರೈತರನ್ನು ಕೇಳಿ 1943ರಲ್ಲಿ ಬರೆದಿದಾರೆ. ಸುದ್ದಿ ಮುಟ್ಟಿಸಿದ್ದು ಬೀಜ ಮಾರೋನು, ಧೈರ್ಯ ಕೊಟ್ಟಿದ್ದು ಪಕ್ಕದ ಹೊಲದವನು. ಮೊದಲ ವರ್ಷ ಸ್ವಲ್ಪ ಹಾಕಿ ನೋಡೋದು, ಆಮೇಲೆ ವರ್ಷ ವರ್ಷ ಜಾಸ್ತಿ ಮಾಡೋದು. 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ಹೈಬ್ರಿಡ್‌ಗೆ ಬಂದಿದ್ದರು."

"ಆ ಇಬ್ಬರು ಕಾಕಾನ ಬೀಗರೇ ಇರಬೇಕು," ಅಂದರು ಕಂಡಕ್ಟರ್.

ಕಾಕಾ ಕೊನೆಗೆ ಎದ್ದು, ಚೀಲ ಹೆಗಲಿಗೇರಿಸಿ, ಬೀಜದಂಗಡಿ ಕಡೆ ನಡೆದ. ಚಹಾದ ದುಡ್ಡು ಕೊಡಲಿಲ್ಲ. "ಬೀಜಕ್ಕೆ ಖರ್ಚಾಯ್ತಲ್ಲ, ಇದು ನಿಮ್ಮ ಲೆಕ್ಕ" ಅಂದ.

ಹತ್ತು ದಿನ ಬಿಟ್ಟು ಅವನ ಹೊಲದ ಕಡೆ ಹೋಗಿದ್ದೆ. ಹೊಸ ಬೀಜ ಒಂದೇ ಸಮ ಹುಟ್ಟಿ ಎಲೆ ಬಿಚ್ಚಿತ್ತು. ಕಾಲುವೆ ಬದಿಗೆ, ದಾರಿಯಿಂದ ಯಾರಿಗೂ ಕಾಣದ ಮೂಲೆಯಲ್ಲಿ ಮಾತ್ರ ಒಂದು ಗೂಟ ಹೊಡೆದು, ಅದಕ್ಕೆ ಆ ಹಳೇ ಗೊಬ್ಬರದ ಚೀಲ ಕಟ್ಟಿದ್ದ. ಎಣಿಸೋಣ ಅಂತ ಬಗ್ಗಿದರೆ ಬಾಂದಿನ ಆಚೆಯಿಂದ ದನಿ ಬಂತು.

"ನಾಲ್ಕು ಸಾಲು. ನಾನು ಬೆಳಿಗ್ಗೆನೇ ಚೆಕ್ ಮಾಡಿದೀನಿ. ನಾಲ್ಕೂ ಟಿಕೆಟ್ ಇಲ್ಲದ್ದು."