ಡ್ರೈವ್‌ಶಾಫ್ಟ್ ಬೂಟ್ ಒಳಗೆ ನೀರು: ಫ್ರೀ ಬದಲಾವಣೆ ತನಕ ಕಾಯಬಹುದಾ?

ಉದ್ದದಾರಿ:
ಚೈನ್ ತೊಳೆಯುವ ರಗಳೆ ಇಲ್ಲ ಅಂತಲೇ ಡ್ರೈವ್‌ಶಾಫ್ಟ್ (ಚೈನ್ ಬದಲು ಹಿಂದಿನ ಚಕ್ರವನ್ನು ತಿರುಗಿಸುವ ಸರಳು) ಇರುವ ಬೈಕ್ ತಗೊಂಡೆ. ನಾನು ಎರಡನೇ ಓನರ್, ಈಗ 41,000 ಕಿಮೀ ಆಗಿದೆ. ಮೊನ್ನೆ ಟೈರ್ ಹಾಕಿಸಲು ಹಿಂದಿನ ಚಕ್ರ ಬಿಚ್ಚಿದ್ದೆ. ಸ್ವಿಂಗ್‌ಆರ್ಮ್‌ಗೂ (ಹಿಂದಿನ ಚಕ್ರ ಹಿಡಿದಿರುವ ತೋಳು) ಫೈನಲ್ ಡ್ರೈವ್‌ಗೂ (ಚಕ್ರದ ಬಳಿಯ ಗೇರ್ ಪೆಟ್ಟಿಗೆ) ಮಧ್ಯೆ ಒಂದು ರಬ್ಬರ್ ಹೊದಿಕೆ, ಅಂದರೆ ಬೂಟ್, ಇರುತ್ತದಲ್ಲ, ಸುಮ್ನೆ ಅದರ ಅಂಚು ಎತ್ತಿ ನೋಡಿದರೆ ಒಂದು ಚಮಚದಷ್ಟು ಕಂದು ನೀರು ಕೈ ಮೇಲೆ ಸುರಿಯಿತು. ಎಣ್ಣೆ ಅಲ್ಲ, ಪಕ್ಕಾ ತುಕ್ಕಿನ ನೀರು.

ಹೋದ ಸರ್ವಿಸ್‌ನಲ್ಲಿ "ಶಾಫ್ಟ್ ನೋಡಿದ್ದೇವೆ ಸರ್, ಏನೂ ತೊಂದರೆ ಇಲ್ಲ" ಅಂದಿದ್ದರು. ಜಾಬ್ ಕಾರ್ಡ್ ತೆಗೆದು ನೋಡಿದರೆ ಶಾಫ್ಟ್ ಅನ್ನೋ ಪದವೇ ಇಲ್ಲ! 60,000 ಕಿಮೀಗೆ ಕಂಪನಿಯೇ ಶಾಫ್ಟನ್ನು ಫ್ರೀಯಾಗಿ ಬದಲಾಯಿಸುತ್ತದಂತೆ. ಅಲ್ಲಿವರೆಗೆ ಓಡಿಸಬಹುದಾ? ಕಂಪನಿ ಹೆಸರು ಇಲ್ಲಿ ಬೇಡ, ಜಗಳ ಶುರುವಾಗುತ್ತದೆ.

ಗ್ರೀಸ್‌ಕೈ:
ಕಾಯಬೇಡಿ. ಈಗಲೇ ಬಿಚ್ಚಿ ನೋಡಿಸಿ.

ಹಳೆಯ ಕೆಲವು ಬೈಕ್‌ಗಳಲ್ಲಿ ಶಾಫ್ಟ್ ಎಣ್ಣೆಯಲ್ಲೇ ಮುಳುಗಿ ತಿರುಗುತ್ತಿತ್ತು. ನೀವು ಹೇಳುವ ಥರದ್ದರಲ್ಲಿ ಶಾಫ್ಟ್ ಕೂರುವ ಸ್ವಿಂಗ್‌ಆರ್ಮ್ ಕೊಳವೆ ಒಣಗಿರಬೇಕು. ಬೂಟ್ ಸರಿಯಾಗಿ ಕೂರದಿದ್ದರೆ, ಇಲ್ಲವೇ ಪ್ರೆಶರ್ ವಾಷರ್‌ನಲ್ಲಿ ನೇರ ಅದರ ಮೇಲೇ ಹೊಡೆದರೆ ನೀರು ಒಳಗೆ ಹೋಗುತ್ತದೆ, ಆದರೆ ಆಚೆ ಬರಲು ದಾರಿ ಇಲ್ಲ. ಮೊದಲು ಸ್ಪ್ಲೈನ್ (ಶಾಫ್ಟ್ ಕೂಡುವಲ್ಲಿನ ಹಲ್ಲುಗಳು) ತುಕ್ಕು ಹಿಡಿಯುತ್ತದೆ, ಆಮೇಲೆ ಶಾಫ್ಟ್‌ನ ಎರಡೂ ತುದಿಯಲ್ಲಿ ಬಾಗುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಅದರ ಒಳಗಿನ ಸಣ್ಣ ಸೂಜಿ ಬೇರಿಂಗ್‌ಗಳು. ಆ ಜಾಯಿಂಟ್ ಸೀಲ್ ಆಗಿರುವುದರಿಂದ ಹೊರಗಿಂದ ಗ್ರೀಸ್ ತುಂಬಲು ಆಗಲ್ಲ. ಜಾಯಿಂಟ್ ಮುರಿದರೆ ಬೈಕ್ ಮುಂದೆ ಹೋಗಲ್ಲ ಅನ್ನೋದು ಒಂದು ಕಡೆ, ಮುರಿದ ತುಂಡು ಸ್ವಿಂಗ್‌ಆರ್ಮ್ ಒಳಗೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಲಾಕ್ ಆಗಲೂಬಹುದು. ಭಯ ಅದರದ್ದೇ.

ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಹಿಡಿದು ಬಿಟ್ಟಂತೆ ಆಗುತ್ತದಾ, ಕಟ್ ಕಟ್ ಅನ್ನುತ್ತದಾ ನೋಡಿ. ಆದರೆ ಇದನ್ನೊಂದೇ ನಂಬಬೇಡಿ. ಫೈನಲ್ ಡ್ರೈವ್ ಕೆಳಗಿಳಿಸಿ, ಶಾಫ್ಟ್ ಎಳೆದು ತೆಗೆದು, ಎರಡೂ ಜಾಯಿಂಟನ್ನು ಎರಡೂ ದಿಕ್ಕಿಗೆ ಕೈಯಲ್ಲೇ ಬಾಗಿಸಿ ನೋಡಬೇಕು. ಚೆನ್ನಾಗಿರುವುದು ಬೆಣ್ಣೆ ಹಾಗೆ ಬಾಗುತ್ತದೆ. ಕೆಟ್ಟಿದ್ದು ಮಧ್ಯದಲ್ಲಿ ಒಂದು ಸಣ್ಣ ಗುಂಡಿಗೆ ಬಿದ್ದಂತೆ ನಿಲ್ಲುತ್ತದೆ, ಒಮ್ಮೆ ಆ ಅನುಭವ ಕೈಗೆ ಬಂದರೆ ಆಮೇಲೆ ಮರೆಯಲ್ಲ. ಕೆಲವು ಶಾಫ್ಟ್ ಎರಡು ತುಂಡಿನದು, ಮಧ್ಯೆ ರಬ್ಬರ್ ಡ್ಯಾಂಪರ್ ಇರುತ್ತದೆ, ಅದೂ ಜಾರಿದೆಯಾ ನೋಡಿಸಿ.

ಬಿಚ್ಚುವ ಮೊದಲು ಪೇಂಟ್‌ನಲ್ಲಿ ಗುರುತು ಹಾಕುವುದು ಮರೆಯಬೇಡಿ. ಒಂದು ಜಾಯಿಂಟ್ ಕೋನದಲ್ಲಿ ತಿರುಗುವಾಗ ವೇಗ ಒಂದೇ ಸಮ ಇರಲ್ಲ, ಅದನ್ನು ಸರಿದೂಗಿಸಲೆಂದೇ ಎರಡನೆಯದು ಇರುವುದು. ಒಂದು ಹಲ್ಲು ಆಚೀಚೆ ಕೂತರೂ ಬೈಕ್ ನಡುಗುತ್ತದೆ. ಸ್ಪ್ಲೈನ್‌ಗೆ ಮ್ಯಾನ್ಯುಯಲ್ ಹೇಳಿದ ಪೇಸ್ಟನ್ನೇ ತೆಳ್ಳಗೆ ಹಚ್ಚಿ, ಸಾಮಾನ್ಯವಾಗಿ ಮಾಲಿಬ್ಡಿನಮ್ ಇರುವುದು.

ಹಳೇಗಾಡಿ:
ಅದಕ್ಕೇ ಚೈನ್ ವಾಸಿ ಅನ್ನೋದು. ಕೆಟ್ಟರೆ ಕಣ್ಣಿಗೆ ಕಾಣುತ್ತದೆ.

ಕಾಗದಪತ್ರ:
ಹಳೇಗಾಡಿ, ಅದು ಬೇರೆ ಜಗಳ, ಇಲ್ಲಿ ಬೇಡ 😄

ಉದ್ದದಾರಿ, ನಿಮ್ಮ ಬೈಕ್ ಯಾವುದೋ ಗೊತ್ತಿಲ್ಲ, ಆದರೆ ಇಂಥ ಯೋಜನೆಗಳು ಹೇಗಿರುತ್ತವೆ ಅಂತ ಹೇಳುತ್ತೇನೆ. ಬಿಎಂಡಬ್ಲ್ಯು ತನ್ನ ಆರ್1200ಜಿಎಸ್ ಲಿಕ್ವಿಡ್ ಕೂಲ್ಡ್ ಮತ್ತು ಆರ್1250ಜಿಎಸ್‌ಗೆ ಮಾಡಿದ್ದು ಹೀಗೆ: 20,000 ಕಿಮೀಗೊಮ್ಮೆ ಶಾಫ್ಟ್ ತಪಾಸಣೆ, 60,000ಕ್ಕೆ ಕಂಪನಿ ಖರ್ಚಲ್ಲೇ ಹೊಸದು. ಇದು ವಾರಂಟಿ ಅಲ್ಲ. ವಾರಂಟಿಗೆ ವರ್ಷದ ಲೆಕ್ಕ, ಇದಕ್ಕೆ ಓಡಿದ ದೂರದ ಲೆಕ್ಕ. ಇಂಥದ್ದು ಚಾಸಿಸ್ ನಂಬರ್ ಮೇಲೆ ದಾಖಲಾಗಿರುತ್ತದೆ. ಹಾಗಾಗಿ ಎರಡನೇ ಓನರ್ ಅಂತ ಹಿಂಜರಿಯಬೇಡಿ, ಚಾಸಿಸ್ ನಂಬರ್ ಕೊಟ್ಟು "ಇದಕ್ಕೆ ಬಾಕಿ ಇರುವ ಕೆಲಸ ಏನಿದೆ" ಅಂತ ನೇರ ಕೇಳಿ.

ಈಗ ನಿಮ್ಮ ಕೇಸ್. ತಪಾಸಣೆಯಲ್ಲೇ ಶಾಫ್ಟ್ ಕೆಟ್ಟಿದೆ ಅಂತ ಗೊತ್ತಾದರೆ ಅದನ್ನು ಯಾರು ಕೊಡುತ್ತಾರೆ, ಲೇಬರ್ ಯಾರ ಲೆಕ್ಕ, ಈ ಎರಡನ್ನೂ ಬಿಚ್ಚುವ ಮೊದಲೇ ಇಮೇಲ್‌ನಲ್ಲಿ ಕೇಳಿ. ಬಾಯಿಮಾತು ಬೇಡ. ನೀರಿನ ಫೋಟೋ, ಜೊತೆಗೆ ಓಡೋಮೀಟರ್ ಫೋಟೋ, ಎರಡನ್ನೂ ಇವತ್ತೇ ಕಳಿಸಿ. ಆ ನೀರು ಒರೆಸಿ ಹಾಕಿಬಿಟ್ಟಿದ್ದೀರಾ?

ಉದ್ದದಾರಿ:
ಒರೆಸಿದ್ದೇನೆ, ಆದರೆ ಫೋಟೋ ಇದೆ, ಕೈ ಕಾಣುತ್ತದೆ, ಓಡೋಮೀಟರ್ ಇಲ್ಲ. ಅವತ್ತಿಂದ ಗಾಡಿ ತೆಗೆದಿಲ್ಲ, ಈಗ ಫೋಟೋ ತೆಗೆದರೂ ಅಷ್ಟೇ ಕಿಮೀ ತೋರಿಸುತ್ತದೆ.

ಐದು ದಿನ ಆದ ಮೇಲೆ, ಉದ್ದದಾರಿ:
ಗ್ರೀಸ್‌ಕೈ, ಗುಂಡಿಗೆ ಬಿದ್ದಂತೆ ಅಂದಿರಲ್ಲ, ಅದೇ ಸಿಕ್ಕಿತು. ಮೆಕ್ಯಾನಿಕ್ ನನ್ನ ಕೈಗೇ ಕೊಟ್ಟು ಬಾಗಿಸಲು ಹೇಳಿದ. ಮುಂದಿನ ಜಾಯಿಂಟ್ ಸರಿ ಇದೆ, ಹಿಂದಿನದು ಒಂದು ದಿಕ್ಕಿಗೆ ಹಿಡಿಯುತ್ತಿದೆ. ಬೂಟ್‌ನ ಒಳ ಅಂಚು ಒಂದು ಕಡೆ ಮಡಚಿಕೊಂಡು ಕೂತಿತ್ತು, ಯಾರೋ ಹಿಂದೆ ಬಿಚ್ಚಿ ಸರಿಯಾಗಿ ಹಾಕಿಲ್ಲ. ಶಾಫ್ಟ್ ಕಂಪನಿಯದ್ದು, ಲೇಬರ್ ಅವರದ್ದೇ, ಹೊಸ ಬೂಟ್ ಮಾತ್ರ ನನ್ನ ಖರ್ಚು ಅಂತ ಇಮೇಲ್ ಬಂದಿದೆ. ಅದರ ಬಗ್ಗೆ ಜಗಳ ಆಡಲಿಲ್ಲ. ಜಾಬ್ ಕಾರ್ಡ್‌ನಲ್ಲಿ ಈ ಸಲ ಶಾಫ್ಟ್ ಅಂತ ಬರೆಸಿಕೊಂಡೇ ಬಂದೆ.

ಕಾಗದಪತ್ರ:
ಹಳೇ ಶಾಫ್ಟ್ ವಾಪಸ್ ಕೇಳಿದ್ರಾ?

ಉದ್ದದಾರಿ:
ಕೇಳಿದೆ, ಕೊಡಲ್ಲ ಅಂದರು. ಕಂಪನಿಗೆ ಕಳಿಸಬೇಕಂತೆ.